ಎಂಟು ಮೋಡೆಮ್, ಮೂರು ಕಾರ್ಡ್: ಆರ್‌ಟಿಎಸ್ ತಂತಿ ಯಾರ ಕೈಯಲ್ಲಿದೆ?

ಒಂದೇ ಲಿನಕ್ಸ್ ಯಂತ್ರಕ್ಕೆ ಎಂಟು ಮೋಡೆಮ್ (ದೂರವಾಣಿ ಲೈನಿನಲ್ಲಿ ಮಾಹಿತಿ ಸಾಗಿಸುವ ಪೆಟ್ಟಿಗೆ) ಜೋಡಿಸಲು ನಾನು ಮೂರು ಬಗೆಯ ಬಹುಪೋರ್ಟ್ ಸೀರಿಯಲ್ ಕಾರ್ಡ್‌ಗಳನ್ನು ಬಳಸಿ ನೋಡಿದ್ದೇನೆ: 16550ಎ ಚಿಪ್‌ಗಳ (ತಂತಿಯಲ್ಲಿ ಬೈಟುಗಳನ್ನು ಕಳಿಸಿ ಪಡೆಯುವ ಚಿಪ್) ಸಾದಾ ಕಾರ್ಡ್, 16750 ಚಿಪ್‌ಗಳ ಕಾರ್ಡ್, ಸ್ವಂತ ಪ್ರೊಸೆಸರ್ ಇರುವ ಕಾರ್ಡ್. ಆರ್‌ಟಿಎಸ್ ತಂತಿ ಇಳಿಸಿ ಯಂತ್ರ ಮೋಡೆಮ್‌ಗೆ ‘ನಿಲ್ಲು’ ಎನ್ನುತ್ತದೆ, ಸಿಟಿಎಸ್ ತಂತಿ ಇಳಿಸಿ ಮೋಡೆಮ್ ಯಂತ್ರಕ್ಕೆ. ಮೂರರಲ್ಲೂ ವೇಗ ಸೆಕೆಂಡಿಗೆ 115200 ಬಿಟ್, ಎಸ್‌ಟಿಟಿವೈಯಲ್ಲಿ (ಪೋರ್ಟ್ ಹೊಂದಿಸುವ ಆಜ್ಞೆ) ಈ ಎರಡು ತಂತಿಗಳನ್ನು ಬಳಸಲು ಸಿಆರ್‌ಟಿಎಸ್‌ಸಿಟಿಎಸ್, ಅದನ್ನೇ ಹೇಳಲು ಮೋಡೆಮ್‌ಗೆ ಎಟಿ&ಕೆ3, ಅದನ್ನು ಉಳಿಸಲು ಎಟಿ&ಡಬ್ಲ್ಯೂ. (&ಕೆ3 ಎಲ್ಲ ಮೋಡೆಮ್‌ಗಳಿಗೂ ಒಪ್ಪುವುದಿಲ್ಲ; ಕೆಲವಕ್ಕೆ &ಎಚ್1&ಆರ್2 ಬೇಕು. ಕೈಪಿಡಿ ನೋಡಿಯೇ ಬರೆಯಿರಿ.)

ಸಾದಾ ಕಾರ್ಡ್ ನನ್ನನ್ನು ಬಹಳ ದಿನ ಕಾಡಿತು. ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (ಆ ತಂತಿಗಳಿಂದ ಹರಿವಿನ ನಿಯಂತ್ರಣ) ಎಲ್ಲ ಕಡೆ ಸರಿಯಾಗಿತ್ತು, ಆದರೂ ಎಂಟೂ ಲೈನುಗಳು ಒಟ್ಟಿಗೆ ದುಡಿಯುವಾಗ ಓವರ್‌ರನ್ (ಓದುವ ಮೊದಲೇ ಬೈಟ್ ಕಳೆದುಹೋಗುವುದು) ಎಣಿಕೆ ಏರುತ್ತಲೇ ಇತ್ತು. ಕಾರಣ ತಿಳಿದದ್ದು ಲೆಕ್ಕ ಹಾಕಿದಾಗ. ಈ ವೇಗದಲ್ಲಿ ಒಂದು ಬೈಟಿಗೆ ಆರಂಭ, ಅಂತ್ಯದ ಗುರುತು ಸೇರಿ ಹತ್ತು ಬಿಟ್‌ನಂತೆ ಸೆಕೆಂಡಿಗೆ 11520 ಬೈಟ್ ಬರುತ್ತವೆ. ಚಿಪ್‌ನ ಬಫರ್ (ಬೈಟುಗಳು ಕಾಯುವ ಜಾಗ) ಹಿಡಿಯುವುದು 16. ಎಂಟು ತುಂಬಿದಾಗ ಇಂಟರಪ್ಟ್ (‘ಬಂದು ಎತ್ತಿಕೋ’ ಎಂಬ ಸೂಚನೆ) ಬಂದರೆ, ಉಳಿದ ಎಂಟು ತುಂಬಲು ಸುಮಾರು 0.7 ಮಿಲಿಸೆಕೆಂಡು ಸಾಕು. ಅಷ್ಟರಲ್ಲಿ ಕರ್ನಲ್ (ಲಿನಕ್ಸ್‌ನ ತಿರುಳು) ಬಂದು ಎತ್ತಿಕೊಳ್ಳದಿದ್ದರೆ ಬೈಟ್ ಹೋಯಿತು. ಆರ್‌ಟಿಎಸ್ ಏಕೆ ಕಾಪಾಡಲಿಲ್ಲ? ಈ ಚಿಪ್‌ನಲ್ಲಿ ಆ ತಂತಿಯನ್ನು ಇಳಿಸುವುದು ಕರ್ನಲ್, ಅದೂ ಚಿಪ್‌ನಿಂದ ಎತ್ತಿಕೊಂಡದ್ದನ್ನು ಇಡುವ ತನ್ನದೇ ಟಿಟಿವೈ ಬಫರ್ ತುಂಬುತ್ತಾ ಬಂದಾಗ. ಚಿಪ್‌ನೊಳಗಿನ 16 ಬೈಟುಗಳ ಸಂಕಟ ಅದಕ್ಕೆ ಗೊತ್ತೇ ಆಗುವುದಿಲ್ಲ. ದೀಪಗಳಿರುವ ಪರೀಕ್ಷಾ ಪೆಟ್ಟಿಗೆಯನ್ನು ನಡುವೆ ಸಿಕ್ಕಿಸಿ ಕುಳಿತೆ: ಬೈಟುಗಳು ಕಳೆದುಹೋಗುತ್ತಿದ್ದರೂ ಆರ್‌ಟಿಎಸ್ ದೀಪ ಒಮ್ಮೆಯೂ ಆರಲಿಲ್ಲ. ಆ ಕೆಂಪು ದೀಪ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

16750ರಲ್ಲಿ ಬಫರ್ 64 ಬೈಟ್, ಅದಕ್ಕಿಂತ ಮುಖ್ಯವಾಗಿ ಬಫರ್ ತುಂಬುತ್ತಿದ್ದಂತೆ ಆರ್‌ಟಿಎಸ್ ಅನ್ನು ಚಿಪ್ ತಾನೇ ಇಳಿಸುತ್ತದೆ. ಅದೇ ಪೆಟ್ಟಿಗೆಯಲ್ಲಿ ದೀಪ ಮಿನುಗಿದ್ದು ಕಂಡು ನಿಜಕ್ಕೂ ಖುಷಿಯಾಯಿತು. ಮೋಡೆಮ್ ಸಿಟಿಎಸ್ ಇಳಿಸಿದರೂ ಹಾಗೆಯೇ: ಹೊರಡುತ್ತಿದ್ದ ಅಕ್ಷರ ಮುಗಿಸಿ ಚಿಪ್ ನಿಲ್ಲುತ್ತದೆ. ಸೆಟ್‌ಸೀರಿಯಲ್‌ನಲ್ಲಿ (ಪೋರ್ಟಿನ ಚಿಪ್ ಯಾವುದೆಂದು ತೋರಿಸುವ ಆಜ್ಞೆ) ಪೋರ್ಟ್ 16750 ಎಂದೇ ಕಾಣಿಸುತ್ತಿದೆಯೇ ಎಂದು ಮಾತ್ರ ನೋಡಿಕೊಳ್ಳಿ. 16550ಎ ಎಂದು ನಮೂದಾಗಿದ್ದರೆ ಈ ಗುಣ ಮಲಗಿಯೇ ಇರುತ್ತದೆ.

ಪ್ರೊಸೆಸರ್ ಇರುವ ಕಾರ್ಡ್ ಎಲ್ಲಕ್ಕಿಂತ ನಿರಾತಂಕವಾಗಿ ಓಡಿತು. ತಂತಿಗಳನ್ನು ಕಾರ್ಡೇ ಕಾಯುವುದರಿಂದ ಯಂತ್ರ ಎಷ್ಟೇ ಬಿಡುವಿಲ್ಲದಿದ್ದರೂ ಬೈಟ್ ತಪ್ಪಲಿಲ್ಲ. ಆದರೆ ಅದಕ್ಕೆ ಬೇರೆಯದೇ ಡ್ರೈವರ್ ಬೇಕು, ಕರ್ನಲ್ ಬದಲಿಸಿದಾಗಲೆಲ್ಲ ಅದರ ಚಿಂತೆ. ಕಾಟ ಕೊಟ್ಟದ್ದು ಕಿಂಡಿ. ಹತ್ತು ಪಿನ್ನಿನ ಕಿಂಡಿಗೆ ನಾನು ಎಂಟು ಪಿನ್ನಿನ ಸಾಮಾನ್ಯ ಪ್ಲಗ್ ಹಾಕಿದ್ದೆ. ಎರಡು ಅಂಚಿನ ಪಿನ್ನುಗಳು ತಪ್ಪಿಹೋದವು, ಅವುಗಳಲ್ಲಿ ಒಂದು ಡಿಸಿಡಿ, ಅಂದರೆ ಕರೆ ಇನ್ನೂ ಇದೆ ಎಂದು ತಿಳಿಸುವ ತಂತಿ. ಮಾಹಿತಿ ಚೆನ್ನಾಗಿಯೇ ಹರಿಯುತ್ತಿತ್ತು, ಆದರೆ ಆಚೆಯವರು ಕರೆ ಕಡಿದದ್ದು ಯಂತ್ರಕ್ಕೆ ತಿಳಿಯದೆ ಲೈನು ಹಿಡಿದಂತೆಯೇ ಉಳಿಯುತ್ತಿತ್ತು. ಡಿಎಸ್‌ಆರ್ (ಮೋಡೆಮ್ ಸಿದ್ಧ ಎನ್ನುವ ತಂತಿ) ಮತ್ತು ಡಿಸಿಡಿ ಪಿನ್ನುಗಳನ್ನು ಅದಲುಬದಲು ಮಾಡುವ ಆಯ್ಕೆ ಡ್ರೈವರ್‌ನಲ್ಲೇ ಇತ್ತು. ಅದಕ್ಕೆ ತಕ್ಕಂತೆ ಕೇಬಲ್ ಮಾಡಿಸಿದ ಮೇಲೆ ಸರಿಹೋಯಿತು.

ತಂತಿಗಳ ಬದಲು ಎರಡು ಅಕ್ಷರಗಳಿಂದಲೇ ಹರಿವನ್ನು ನಿಲ್ಲಿಸಿ ಬಿಡುವ ಎಕ್ಸ್‌ಆನ್–ಎಕ್ಸ್‌ಆಫ್ ಅನ್ನೂ ಒಂದು ದಿನ ಇಟ್ಟು ನೋಡಿ ತೆಗೆದೆ. ಅವು 17 ಮತ್ತು 19ನೆಯ ಅಕ್ಷರಗಳು; 19ನೆಯದು ಕಡತದೊಳಗೇ ಬಂದರೆ ಹರಿವು ಸುಮ್ಮನೆ ನಿಂತುಬಿಡುತ್ತದೆ.

ಒಂದೆರಡು ಲೈನುಗಳಿಗೆ ನಾನು ಈಗಲೂ ಸಾದಾ ಕಾರ್ಡನ್ನೇ ಹಾಕುತ್ತೇನೆ, ನಾಲ್ಕಕ್ಕೆ 16750. ಎಂಟೂ ಲೈನುಗಳು ಹಗಲಿರುಳು ದುಡಿಯುವಲ್ಲಿ ಪ್ರೊಸೆಸರ್ ಕಾರ್ಡ್, ಜೊತೆಗೆ ಆರ್‌ಟಿಎಸ್ ಮತ್ತು ಸಿಟಿಎಸ್ ತಂತಿಗಳನ್ನು (ಒಂಬತ್ತು ಪಿನ್ನಿನ ಪ್ಲಗ್‌ನಲ್ಲಿ ಏಳು ಮತ್ತು ಎಂಟನೆಯವು) ಮೀಟರಿನಲ್ಲಿ ಪರೀಕ್ಷಿಸಿದ ಕೇಬಲ್.