ಬಿಚ್ಚಿ ತೊಳೆಯುವ ಹ್ಯಾಂಡ್ ಶವರ್: ರಾಯಚೂರಿನ ನೀರಿನಲ್ಲಿ ಎರಡೂವರೆ ವರ್ಷ

ಮನೆಯಲ್ಲಿ ಶ್ವಾಸಕೋಶದ ತೊಂದರೆ ಇರುವವರಿದ್ದರೆ ಶವರ್ ಕೊಳ್ಳುವಾಗ ಅಂಗಡಿಯಲ್ಲೇ ಒಂದು ಪ್ರಶ್ನೆ ಕೇಳಿ: ಇದರ ಮುಖ ಬಿಚ್ಚಲು ಬರುತ್ತದೆಯೇ? ಈ ಹ್ಯಾಂಡ್ ಶವರಿನದು ಬರುತ್ತದೆ. ಮಧ್ಯದ ಸಣ್ಣ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿದರೆ ಒಂದು ಸ್ಕ್ರೂ ಇದೆ, ಅದನ್ನು ತೆಗೆದರೆ ತೂತಿನ ತಟ್ಟೆ ಕೈಗೆ ಬರುತ್ತದೆ. ಇರುವುದು ಒಂದೇ ಧಾರೆ, ತೂತುಗಳು ಒಂದು ಮಿಲಿಮೀಟರಿಗಿಂತ ದೊಡ್ಡವು. ಮಂಜಿನಂತೆ ನೀರು ಚಿಮುಕಿಸುವ ದುಬಾರಿ ಶವರುಗಳು ಇಂಥ ಮನೆಗೆ ಬೇಡವೇ ಬೇಡ. ಹನಿ ಸಣ್ಣದಾದಷ್ಟೂ ಉಸಿರಿನ ಜೊತೆ ಎದೆಯ ಆಳಕ್ಕೆ ಇಳಿಯುತ್ತದೆ.

ಆ ಹನಿಯಲ್ಲಿ ಏನಿರುತ್ತದೆ ಎಂದರೆ ಕ್ಷಯದ ರೋಗಾಣುವಿನ ದಾಯಾದಿಗಳು. ನೀರು, ಮಣ್ಣಿನಲ್ಲೇ ಬದುಕುವ ಇವುಗಳನ್ನು ವೈದ್ಯರು ಎನ್‌ಟಿಎಂ ಎನ್ನುತ್ತಾರೆ. ಮೈಗೆ ಮೇಣದಂಥ ಹೊದಿಕೆ ಇರುವುದರಿಂದ ಮೇಲ್ಮೈಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ, ನಳದ ನೀರಿನಲ್ಲಿರುವಷ್ಟು ಕ್ಲೋರಿನ್ನಿಗೆ ಜಗ್ಗುವುದಿಲ್ಲ. 2009ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವರು 9 ನಗರಗಳ 45 ಶವರ್‌ಗಳ ಲೋಳೆ ಪರೀಕ್ಷಿಸಿದಾಗ, ಕೆಲವುದರಲ್ಲಿ ಇದೇ ಗುಂಪಿನ ಮೈಕೋಬ್ಯಾಕ್ಟೀರಿಯಂ ಏವಿಯಂ ನೀರಿನಲ್ಲಿದ್ದುದಕ್ಕಿಂತ ನೂರು ಪಟ್ಟಿಗೂ ಮಿಕ್ಕಿ ಸಿಕ್ಕಿತ್ತು. ಆರೋಗ್ಯವಂತರಿಗೆ ಇದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹಳೆಯ ಕ್ಷಯದಿಂದ ಗಾಯಗೊಂಡ ಶ್ವಾಸಕೋಶ, ಬ್ರಾಂಕಿಯೆಕ್ಟೇಸಿಸ್ (ಶ್ವಾಸನಾಳ ಹಿಗ್ಗಿ ಕಫ ನಿಲ್ಲುವ ಕಾಯಿಲೆ), ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಡಲು ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಇರುವವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುವವರು ಹುಷಾರಾಗಿರಬೇಕು. ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್, ಗಣಿ ಎಂದು ದೂಳಿನಲ್ಲೇ ದುಡಿದ ಎದೆಗಳು ನಮ್ಮ ಕಡೆ ಕಡಿಮೆಯಿಲ್ಲ.

ನಮ್ಮ ಊರಿನ ಬಿಸಿಲೂ ನೀರಿನ ರೋಗಾಣುಗಳಿಗೆ ಅನುಕೂಲ ಮಾಡಿಕೊಡುತ್ತದೆ. ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಎಂಬ ಇನ್ನೊಂದು ರೋಗಾಣು ಬೆಳೆಯುವುದು ಹೆಚ್ಚುಕಡಿಮೆ 20ರಿಂದ 45 ಡಿಗ್ರಿಯ ನೀರಿನಲ್ಲಿ. ಏಪ್ರಿಲ್, ಮೇನಲ್ಲಿ ಮಾಳಿಗೆಯ ಕರಿ ಟಾಕಿಯ ‘ತಣ್ಣೀರು’ ಇರುವುದೇ ಆ ಬಿಸಿಯಲ್ಲಿ. ಗೀಸರ್ ಹಚ್ಚುವುದಿಲ್ಲ, ಹಾಗಾಗಿ ಏನೂ ಆಗದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಚಳಿಗಾಲದಲ್ಲಿ ಗೀಸರನ್ನು 60 ಡಿಗ್ರಿಗೆ ಇಡಿ. ಮೈಮೇಲೆ ಸುರಿದುಕೊಳ್ಳುವ ಮುಂಚೆ ತಣ್ಣೀರು ಬೆರೆಸಲೇಬೇಕು, 60 ಡಿಗ್ರಿ ನೀರು ಚರ್ಮ ಸುಡುತ್ತದೆ.

ಬೋರಿನ ನೀರಿರುವ ಮನೆಯಲ್ಲಿ ಒಂದೆರಡು ತಿಂಗಳು ಬಿಟ್ಟು ತಟ್ಟೆ ಬಿಚ್ಚಿ ನೋಡಿ. ಹೊರಗೆ ಫಳಫಳ ಹೊಳೆಯುವ ಶವರಿನ ಒಳಗೆ ಸುಣ್ಣದ ಬಿಳಿ ಹರಳು ಕೂತಿರುತ್ತದೆ. ಅದನ್ನು ಚಾಕುವಿನ ತುದಿಯಿಂದ ಎಬ್ಬಿಸಿದರೆ ಕೆಳಗೆ ಬೆರಳಿಗೆ ಜಾರುವ ಕಂದು ಲೋಳೆ. ರೋಗಾಣುಗಳ ಮನೆ ಅದು. ಮೇಲೆ ಸುಣ್ಣ ಇರುವಾಗ ರೋಗಾಣು ಕೊಲ್ಲುವ ಔಷಧಿ ಸುರಿದರೆ ಲೋಳೆಯನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಸುಣ್ಣ ಮೊದಲು, ಕ್ಲೋರಿನ್ ಆಮೇಲೆ.

ಸುಣ್ಣಕ್ಕೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಸಾಕು. ಒಂದು ಲೀಟರ್ ಬೆಚ್ಚನೆಯ ನೀರಿಗೆ 50 ಗ್ರಾಂ ಹಾಕಿ, ಬಿಡಿಭಾಗಗಳನ್ನು ಅರ್ಧದಿಂದ ಒಂದು ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ರಾತ್ರಿಯಿಡೀ ಬಿಟ್ಟರೆ ಪ್ಲಾಸ್ಟಿಕ್ಕಿನ ಮೇಲಿನ ಕ್ರೋಮ್ ಪದರ ಗುಳ್ಳೆ ಎದ್ದು ಸುಲಿಯುತ್ತದೆ. ನಳಿಕೆ ಸೇರುವ ಕಡೆ ವಾಷರಿನಲ್ಲಿ ಸಣ್ಣ ಜಾಲರಿ ಇರುತ್ತದೆ, ಅದನ್ನು ಮರೆಯಬೇಡಿ. ಅರ್ಧ ಲೋಳೆ ಅಲ್ಲೇ ಇರುತ್ತದೆ.

ಎಲ್ಲವನ್ನೂ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದ ಮೇಲೆ ಔಷಧಿ ಅಂಗಡಿಯಲ್ಲಿ ಸಿಗುವ 5% ಸೋಡಿಯಂ ಹೈಪೋಕ್ಲೋರೈಟ್ (ಕ್ಲೋರಿನ್ ದ್ರಾವಣ) 20 ಮಿ.ಲೀ. ತೆಗೆದುಕೊಂಡು, ನೀರು ಸೇರಿಸಿ ಒಟ್ಟು ಒಂದು ಲೀಟರ್ ಮಾಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 30 ನಿಮಿಷ ಮುಳುಗಿಸಿಡಿ. ಶವರಿನ ಹಿಡಿಯೊಳಗೆ ಗಾಳಿ ಗುಳ್ಳೆ ಸಿಕ್ಕಿಕೊಂಡರೆ ಅಷ್ಟು ಜಾಗಕ್ಕೆ ಔಷಧಿ ತಾಗುವುದಿಲ್ಲ, ಓರೆ ಮಾಡಿ ಗುಳ್ಳೆ ಬಿಡಿಸಿ. ಹೈಪೋಕ್ಲೋರೈಟ್ ಸೆಖೆಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ತಯಾರಾದ ತಾರೀಖು ನೋಡಿ ಸಣ್ಣ ಬಾಟಲಿಯನ್ನೇ ತನ್ನಿ. ಬದಲಿಗೆ ಬ್ಲೀಚಿಂಗ್ ಪೌಡರ್ ಬಳಸಿದರೆ ಅದರ ಗಷ್ಟು ತೂತುಗಳಲ್ಲಿ ಕೂತು ಮತ್ತೆ ಕಟ್ಟುತ್ತದೆ.

ಇದೊಂದನ್ನು ದಯವಿಟ್ಟು ಗಮನವಿಟ್ಟು ಓದಿ. ನಿಂಬೆ ಉಪ್ಪಿನ ನೀರಾಗಲಿ, ಬಚ್ಚಲು ತೊಳೆಯುವ ಆಸಿಡ್ಡಾಗಲಿ ಹೈಪೋಕ್ಲೋರೈಟಿಗೆ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಕಾಪಾಡಬೇಕಾದ ಶ್ವಾಸಕೋಶವನ್ನೇ ಅದು ಸುಡುತ್ತದೆ. ಎರಡಕ್ಕೂ ಬೇರೆ ಬೇರೆ ಬಕೆಟ್ ಇರಲಿ. ಈ ಕೆಲಸವನ್ನು ರೋಗಿ ಮಾಡಬಾರದು, ಮನೆಯ ಬೇರೆಯವರು ಕಿಟಕಿ ತೆರೆದು ಅಥವಾ ಅಂಗಳದಲ್ಲಿ ಮಾಡಲಿ.

ಹೀಗೆ ತಿಂಗಳಿಗೊಮ್ಮೆ ಮಾಡಿದರೆ ಸುಣ್ಣ ಕಟ್ಟುವುದಿಲ್ಲ, ಧಾರೆ ಓರೆಯಾಗುವುದಿಲ್ಲ. ಆದರೆ ಲೋಳೆ ಕೆಲವೇ ವಾರದಲ್ಲಿ ಮತ್ತೆ ಹುಟ್ಟುತ್ತದೆ. ತೊಳೆದರೆ ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಎರಡು ಶವರ್ ಕೊಂಡು ಒಂದು ಬಳಕೆಯಲ್ಲಿರುವಾಗ ಇನ್ನೊಂದನ್ನು ಗಾಳಿಯಾಡುವ ಕಡೆ ಪೂರ್ತಿ ಒಣಗಲು ಬಿಡುವುದು ಒಳ್ಳೆಯ ಪದ್ಧತಿ. ಮನೆಗೆ ನಾಲ್ಕು ದಿನ ಬೀಗ ಹಾಕಿ ಬಂದಿದ್ದರೆ, ರೋಗಿಯನ್ನು ಹೊರಗಿಟ್ಟು, ಶವರಿನ ಮುಖವನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಎರಡು ಮೂರು ನಿಮಿಷ ನೀರು ಬಿಡಿ. ಆ ನೀರು ಪಾಯಿಖಾನೆಗೆ ಆಗುತ್ತದೆ.

ಈ ಶವರಿನ ದೊಡ್ಡ ಕೊರತೆ ಅದರ ನಳಿಕೆ. ಹೊರಗೆ ಸ್ಟೀಲ್ ಸುರುಳಿ, ಒಳಗೆ ಮೆತ್ತನೆಯ ಪ್ಲಾಸ್ಟಿಕ್ ಕೊಳವೆ. ಒಂದೂವರೆ ಮೀಟರ್ ಉದ್ದಕ್ಕೂ ಲೋಳೆ ಹಿಡಿಯುತ್ತದೆ, ಬ್ರಷ್ ಹೋಗುವುದಿಲ್ಲ. ವರ್ಷಕ್ಕೊಮ್ಮೆ ಹೊಸದು ಹಾಕುವುದೊಂದೇ ದಾರಿ. ಅರ್ಧ ಇಂಚಿನ ಥ್ರೆಡ್ಡಾದ್ದರಿಂದ ಯಾವ ಹಾರ್ಡ್‌ವೇರ್ ಅಂಗಡಿಯ ನಳಿಕೆಯೂ ಕೂರುತ್ತದೆ. ಎರಡನೇ ವರ್ಷಕ್ಕೆ ರಬ್ಬರ್ ವಾಷರ್ ಗಟ್ಟಿಯಾಗಿ ಸೋರಲು ಶುರುವಾಯಿತು, ಬದಲಿಸಿದ ಮೇಲೆ ನಿಂತಿತು. ತಟ್ಟೆಯ ಅಂಚಿನಲ್ಲಿ ಕ್ರೋಮ್ ಸ್ವಲ್ಪ ಹೋಗಿದೆ, ಕೆಲಸಕ್ಕೆ ಅಡ್ಡಿಯಿಲ್ಲ. ಇದು ಪ್ಲಾಸ್ಟಿಕ್ ಆದ್ದರಿಂದ ಕುದಿಸಬೇಡಿ.

ಐದಕ್ಕೆ ನಾಲ್ಕು ಅಂಕ. ಎನ್‌ಟಿಎಂ ಸೋಂಕು ಈಗಾಗಲೇ ಪತ್ತೆಯಾಗಿರುವವರಿಗೆ ಮಾತ್ರ ಇದನ್ನೂ ಕೊಳ್ಳಿ ಎನ್ನುವುದಿಲ್ಲ. ಅವರಿಗೆ ಬಕೆಟ್ಟು, ಚರಿಗೆ, ತೆರೆದ ಕಿಟಕಿ.