ಐವತ್ತಲ್ಲ, ಐವತ್ನಾಲ್ಕು: ಚಕಮಕಿ ಕೋವಿಯೊಂದಿಗೆ ಒಂಬತ್ತು ಸೀಸನ್

ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಕ್ರಿಸ್‌ಮಸ್ ಮುಗಿದ ಮರುದಿನ ಚಕಮಕಿ ಕೋವಿಯ ಬೇಟೆ ಸೀಸನ್ ಶುರು. ಜಿಂಕೆಗೆ ಕಾನೂನು ಕೇಳುವ ಕನಿಷ್ಠ ಅಳತೆ .44 (ನಳಿಗೆಯ ತೂತಿನ ವ್ಯಾಸ, ಇಂಚಿನಲ್ಲಿ), ಅದೂ ಒಂದೇ ಗುಂಡು. ಕೇಪು, ಪ್ರೈಮರ್ ಯಾವುದೂ ನಡೆಯುವುದಿಲ್ಲ, ಕಲ್ಲು ಉಕ್ಕಿಗೆ ತಾಗಿಯೇ ಕಿಡಿ ಹಾರಬೇಕು. .44ರ ಮೇಲೆ ಎಷ್ಟು ಅನ್ನುವುದು ಕೊಳ್ಳುವವರ ಆಯ್ಕೆ. ಆದರೆ ಅಂಗಡಿಯಲ್ಲಿ ಬಾಯಿ ಬಿಡುವ ಮೊದಲೇ .50 ಕೈಗೆ ಬರುತ್ತದೆ. ಐದು ಸೀಸನ್ ಅದನ್ನೇ ಬಳಸಿ, ಆಮೇಲಿನ ನಾಲ್ಕು ಸೀಸನ್ .54 ಬಳಸಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು. ಮರದ ಬಣ್ಣ, ಒಟ್ಟು ಉದ್ದ, ಹಿತ್ತಾಳೆ ಕೆಲಸ ಇವೆಲ್ಲ ಡಬ್ಬದ ಮೇಲೆಯೇ ಇರುತ್ತವೆ, ಬಿಟ್ಟುಬಿಡುತ್ತೇನೆ.

ಮೊದಲು ಬೇಸರ ತಂದ ವಿಷಯ. ಅದು .50 ಎಂಬ ಅಂಕಿಯಲ್ಲ, ಆ ಅಂಕಿಯ ಜೊತೆ ಬರುವ 1:48 ಸುತ್ತು. 1:48 ಅಂದರೆ ಗುಂಡು ನಳಿಗೆಯಲ್ಲಿ 48 ಇಂಚು ಸಾಗುವ ಲೆಕ್ಕಕ್ಕೆ ಒಮ್ಮೆ ತಿರುಗುತ್ತದೆ. ಬಟ್ಟೆ ಸುತ್ತಿದ ಉಂಡೆಗುಂಡಿಗೆ ನಿಧಾನದ ಸುತ್ತು, ಆಳದ ಗಾಡಿ (ನಳಿಗೆಯೊಳಗೆ ಸುತ್ತಿಕೊಂಡು ಹೋಗುವ ಕೊರೆದ ಗೆರೆ) ಬೇಕು: 1:66 ಅಥವಾ 1:70. ಉದ್ದನೆಯ ಗುಂಡಿಗೆ, ಪ್ಲಾಸ್ಟಿಕ್ ಅಂಗಿ ತೊಟ್ಟ ಸೇಬೊ ಗುಂಡಿಗೆ ಬೇಗದ ಸುತ್ತು, 1:28. ಇವೆರಡರ ನಡುವೆ ನಿಂತ 1:48 ಅನ್ನು ‘ಎರಡಕ್ಕೂ ಆಗುತ್ತದೆ’ ಎಂದು ಮಾರುತ್ತಾರೆ. ನನ್ನ ಕೈಯಲ್ಲಿದ್ದ ನಳಿಗೆಯ ಗಾಡಿಗಳ ಆಳ ಒಂದು ಹಾಳೆ ಕಾಗದದ ದಪ್ಪಕ್ಕಿಂತ ಹೆಚ್ಚೇನೂ ಇರಲಿಲ್ಲ. 60ರಿಂದ 70 ಗ್ರೇನ್ (ಮದ್ದು, ಗುಂಡು ತೂಗುವ ಸಣ್ಣ ಅಳತೆ) ಮದ್ದಿಗೆ 50 ಯಾರ್ಡ್‌ನಲ್ಲಿ ಮೂರು ಗುಂಡು ಮೂರು ಇಂಚಿನೊಳಗೆ ಕೂರುತ್ತಿದ್ದವು. ಜಿಂಕೆಗೆ ಇನ್ನಷ್ಟು ಬಲ ಬೇಕೆಂದು 90 ಗ್ರೇನಿಗೆ ಏರಿಸಿದರೆ ಅದೇ ಗುಂಪು ಆರೇಳು ಇಂಚಿಗೆ ಚದುರುತ್ತಿತ್ತು. ಬಟ್ಟೆ ಗಾಡಿಯ ಹಿಡಿತ ಬಿಟ್ಟು ಜಾರುತ್ತದೆ, ಗುಂಡು ತಿರುಗದೆ ಹೊರಬರುತ್ತದೆ. ವೈಟ್‌ಟೇಲ್ ಜಿಂಕೆಯ ಹೃದಯ, ಶ್ವಾಸಕೋಶದ ಭಾಗ ಸುಮಾರು ಎಂಟು ಇಂಚಿನ ತಟ್ಟೆಯಷ್ಟು. ಕೈಯ ನಡುಕ, ಚಳಿ, ಕಲ್ಲಿನ ಕೋವಿಯ ಈಡು ಹಾರುವ ತಡ ಎಲ್ಲ ಸೇರಿದರೆ ಆರೇಳು ಇಂಚಿನ ಗುಂಪಿಗೆ ಆ ತಟ್ಟೆ ಸಾಲದು.

ಅದೇ ನಳಿಗೆಗೆ 370 ಗ್ರೇನಿನ ಮ್ಯಾಕ್ಸಿಬಾಲ್ ಎಂಬ ಉದ್ದಗುಂಡು ಹಾಕಿದರೆ ಬೇರೆ ತೊಂದರೆ. ಬಾಗಿದ ಹಿತ್ತಾಳೆ ಹಿಂಬದಿಯ ಕೋವಿಯಲ್ಲಿ ಭುಜ ನೋಯುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ಬಾಯಿ ಕೆಳಗೆ ಮಾಡಿಕೊಂಡು ಇಳಿಜಾರಿನಲ್ಲಿ ನಡೆದರೆ ಗುಂಡು ಮದ್ದಿನಿಂದ ಮುಂದಕ್ಕೆ ಸರಿಯಬಹುದು. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿದು ಈಡು ಹಾರಿದರೆ ನಳಿಗೆ ಉಬ್ಬುತ್ತದೆ, ಸೀಳಲೂಬಹುದು. ಗುಂಡು ಒಳಗೆ ತಳ್ಳುವ ಗಜಕಡ್ಡಿಗೆ ಎರಡು ಗೆರೆ ಕೊರೆದುಕೊಳ್ಳಬೇಕು, ಒಂದು ಖಾಲಿ ನಳಿಗೆಗೆ, ಇನ್ನೊಂದು ಪೂರ್ತಿ ಕೂತ ಈಡಿಗೆ. ಮರದ ಕೆಳಗೆ ಕೂರುವ ಮುನ್ನ ಒಮ್ಮೆ, ಎದ್ದು ಜಾಗ ಬದಲಿಸಿದಾಗ ಒಮ್ಮೆ ಕಡ್ಡಿ ಇಳಿಸಿ ನೋಡಬೇಕು. ರಂಜಕ, ಅಂದರೆ ಕಿಡಿ ಹಿಡಿಯುವ ಬಟ್ಟಲಿನ ಮದ್ದು, ಚೆಲ್ಲಿ, ಬಟ್ಟಲು ಖಾಲಿ ಮಾಡಿಯೇ ಈ ಪರೀಕ್ಷೆ.

ಈಗ ಕ್ಯಾಲಿಬರಿನ, ಅಂದರೆ ತೂತಿನ ಅಳತೆಯ, ಲೆಕ್ಕ. ಉಂಡೆಗುಂಡನ್ನು ಉದ್ದ ಮಾಡಲಾಗುವುದಿಲ್ಲ. ತೂಕ ಬೇಕೆಂದರೆ ವ್ಯಾಸವನ್ನೇ ಹೆಚ್ಚಿಸಬೇಕು. .45 ಕೋವಿಯ .440 ಗುಂಡು 128 ಗ್ರೇನ್. .50 ಕೋವಿಯ .490 ಗುಂಡು 177. .54 ಕೋವಿಯ .530 ಗುಂಡು 224. .58 ಕೋವಿಯ .570 ಗುಂಡು 279. ಐವತ್ತರಿಂದ ಐವತ್ನಾಲ್ಕಕ್ಕೆ ಹೋದಾಗ ವ್ಯಾಸ ನೂರಕ್ಕೆ ಎಂಟರಷ್ಟೇ ಹೆಚ್ಚುತ್ತದೆ, ತೂಕ ನೂರಕ್ಕೆ ಇಪ್ಪತ್ತಾರು ಹೆಚ್ಚುತ್ತದೆ. ಎಷ್ಟೇ ವೇಗದಿಂದ ಬಿಟ್ಟರೂ ಉಂಡೆಗುಂಡು ಗಾಳಿಯಲ್ಲಿ ಬೇಗ ಸೋಲುತ್ತದೆ. ಸೆಕೆಂಡಿಗೆ 1800 ಅಡಿಯಲ್ಲಿ ಹೊರಟ .490 ಗುಂಡು 100 ಯಾರ್ಡ್ ಮುಟ್ಟುವ ಹೊತ್ತಿಗೆ ಮೂರನೇ ಒಂದು ಭಾಗಕ್ಕೂ ಹೆಚ್ಚು ವೇಗ ಕಳೆದುಕೊಂಡಿರುತ್ತದೆ. ಮದ್ದು ಸುರಿದು ಗಳಿಸಿದ ವೇಗ ದಾರಿಯಲ್ಲೇ ಕರಗುತ್ತದೆ, ತೂಕ ಮತ್ತು ವ್ಯಾಸ ಮಾತ್ರ ಜಿಂಕೆಯವರೆಗೆ ಬರುತ್ತವೆ. ಅದಕ್ಕೇ ಇಂಥ ಕೋವಿಗೆ ಫುಟ್‌ಪೌಂಡ್ ಎಂಬ ಬಲದ ಅಳತೆಯ ಪಟ್ಟಿ ನೋಡಿ ಕೊಳ್ಳಬಾರದು.

ಇದು ಹಳೆಯ ಕಮ್ಮಾರರಿಗೂ ಗೊತ್ತಿತ್ತು. ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್ ಸುತ್ತಮುತ್ತ ನೆಲೆಸಿದ ಜರ್ಮನ್ ಕೋವಿ ಕಮ್ಮಾರರು ತಮ್ಮ ನಾಡಿನ ದಪ್ಪ ಯೇಗರ್ ರೈಫಲ್ಲನ್ನು ಉದ್ದಮಾಡಿ, ನಳಿಗೆಯ ತೂತು ಸಣ್ಣದು ಮಾಡಿದರು. ಕಾಡಂಚಿನಲ್ಲಿ ಸೀಸವೂ ಮದ್ದೂ ಹೊತ್ತು ತರಬೇಕಾದ ಸಾಮಾನು, ಸಣ್ಣ ಗುಂಡು ಎರಡನ್ನೂ ಉಳಿಸುತ್ತಿತ್ತು. ಮುಂದೆ ಪಶ್ಚಿಮದ ದೊಡ್ಡ ಪ್ರಾಣಿಗಳಿಗೆ ಸೇಂಟ್ ಲೂಯಿಸ್‌ನ ಹಾಕನ್ ಸೋದರರು ಮತ್ತೆ .54ರ ಆಸುಪಾಸಿಗೆ ಹಿಂತಿರುಗಿದರು.

ಊರಿನ ಓದುಗರಿಗೆ ಒಂದು ಮಾತು. ಮಲೆನಾಡು, ಕೊಡಗಿನ ಕೇಪಿನ ಕೋವಿಯ ನಳಿಗೆ ಸಾಮಾನ್ಯವಾಗಿ ಒಳಗೆ ನುಣುಪು. ಚರೆ ಹಾಕುವ ಅದಕ್ಕೆ ಸುತ್ತು, ಗಾಡಿಯ ಈ ಲೆಕ್ಕ ಅನ್ವಯಿಸುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಲ್ಲಿ ಜಿಂಕೆ ಬೇಟೆ ಅಪರಾಧ. ಇಲ್ಲಿ ಬರೆದಿರುವುದು ಲೈಸೆನ್ಸ್, ಟ್ಯಾಗ್ ಕೊಟ್ಟು ಬೇಟೆಗೆ ಬಿಡುವ ಪೆನ್ಸಿಲ್ವೇನಿಯದ ಕಾಡಿಗೆ ಮಾತ್ರ.

.54, 1:70 ಸುತ್ತಿನ, ಆಳದ ಗಾಡಿಯ ನಳಿಗೆ ಬಂದ ಮೇಲೆ ಮೊದಲು ಗಮನಕ್ಕೆ ಬಂದದ್ದು ತೂಕ. ಕೋವಿ ಹಗುರವಾಯಿತು. ನಳಿಗೆಯ ಹೊರಗಿನ ಎಂಟು ಪಟ್ಟಿಯ ಅಳತೆ ಅದೇ ಇರುವಾಗ ತೂತು ದೊಡ್ಡದಾದಷ್ಟೂ ಉಕ್ಕು ಕಡಿಮೆ. ಒಂದೇ ಹೊರ ಅಳತೆಯ .45 ನಳಿಗೆ ಎಲ್ಲಕ್ಕಿಂತ ಮೂತಿಭಾರ. ದಿನವಿಡೀ ಹಿಮದಲ್ಲಿ ಹೊತ್ತು ತಿರುಗುವವರಿಗೆ ಇದು ಸಣ್ಣ ವಿಷಯವಲ್ಲ.

ಎರಡನೆಯದು ಗುಂಡಿಗೆ ಸುತ್ತುವ ಬಟ್ಟೆ ಬಿಲ್ಲೆ. ಇದರ ಬಗ್ಗೆ ಎಷ್ಟು ಬರೆದರೂ ಸಾಲದು. ಈಡು ಹಾರಿಸಿದ ಮೇಲೆ ನಳಿಗೆಯ ಮುಂದೆ ಹತ್ತು ಹದಿನೈದು ಅಡಿಯಲ್ಲಿ ಬಿದ್ದ ಬಿಲ್ಲೆಯನ್ನು ಹೆಕ್ಕಿ ತಂದು ಅಂಗೈ ಮೇಲೆ ಹರಡಿ ನೋಡಬೇಕು. ನಡುವೆ ಕಪ್ಪು ವೃತ್ತ, ಸುತ್ತ ಗಾಡಿಗಳ ಗುರುತು, ಅಂಚು ಸ್ವಲ್ಪ ಪಿಸಿದಿದ್ದು ಬಟ್ಟೆ ಗಟ್ಟಿಯಾಗಿದ್ದರೆ ಈಡು ಸರಿ ಇದೆ. ನಡುವೆ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳು, ಜಿಡ್ಡು ಸಾಲದು ಅಥವಾ ಮದ್ದು ಹೆಚ್ಚು. ಕತ್ತರಿ ಹಾಕಿದ ಹಾಗೆ ಗೆರೆಗೆರೆಯಾಗಿ ಹರಿದಿದ್ದರೆ ನಳಿಗೆಯ ಬಾಯಿ ಅಥವಾ ಗಾಡಿಯ ಅಂಚು ಹರಿತ. ಹೊಸ ನಳಿಗೆಯಲ್ಲಿ ಇದು ಸಾಮಾನ್ಯ. ನಯವಾದ ಎಮರಿ ಹಾಳೆಯನ್ನು ಹೆಬ್ಬೆರಳಿನಿಂದ ಬಾಯಿಗೆ ಒತ್ತಿ ಮೆಲ್ಲನೆ ತಿರುಗಿಸಿದರೆ ಅಂಚು ಮೊಂಡಾಗುತ್ತದೆ. ನನ್ನ .54ಗೆ .530 ಗುಂಡು, .018 ಇಂಚು ದಪ್ಪದ ಪಟ್ಟೆ ಪಟ್ಟೆ ದಿಂಬಿನ ಬಟ್ಟೆ. ಬಟ್ಟೆ ಶುದ್ಧ ಹತ್ತಿಯದೇ ಆಗಬೇಕು, ಪಾಲಿಯೆಸ್ಟರ್ ಬೆರೆತರೆ ಕರಗಿ ನಳಿಗೆಗೆ ಅಂಟುತ್ತದೆ. ಕೊಂಡು ತಂದು ಬಿಸಿನೀರಲ್ಲಿ ಒಗೆದು ಗಂಜಿ ತೆಗೆದು ಒಣಗಿಸಿ, ಆಲಿವ್ ಎಣ್ಣೆಗೆ ಜೇನುಮೇಣ ಕರಗಿಸಿ ಮಾಡಿದ ಮುಲಾಮನ್ನು ತಿಕ್ಕಬೇಕು. ಮೋಟಾರ್ ಎಣ್ಣೆಯಂಥ ಪೆಟ್ರೋಲಿಯಂ ಜಿಡ್ಡು ಕರಿಮದ್ದಿನ ಜೊತೆ ಟಾರಿನಂತೆ ಗಟ್ಟಿ ಕಟ್ಟುತ್ತದೆ.

ಈ ನಳಿಗೆಗೆ 80 ಗ್ರೇನ್ ಎಫ್‌ಎಫ್‌ಜಿ, ಅಂದರೆ ದಪ್ಪ ಕಾಳಿನ ಕರಿಮದ್ದು, ಸಾಕು. 50 ಯಾರ್ಡ್‌ನಲ್ಲಿ ಎರಡು ಇಂಚಿನೊಳಗೆ. ಪಕ್ಕಕ್ಕೆ ನಿಂತ ಜಿಂಕೆಯ ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಭಾಗಕ್ಕೆ ಇಟ್ಟರೆ ಗುಂಡು ಆ ಕಡೆಯಿಂದ ಹೊರಬೀಳುತ್ತದೆ. .50ಯಲ್ಲಿ 65 ಗ್ರೇನಿಗೆ ಅದು ಎಷ್ಟೋ ಸಲ ಆ ಬದಿಯ ಚರ್ಮದಡಿ ನಾಣ್ಯದಂತೆ ಚಪ್ಪಟೆಯಾಗಿ ನಿಲ್ಲುತ್ತಿತ್ತು. ಜಿಂಕೆ ಸಾಯುವುದು ಎರಡರಲ್ಲೂ ಸಾಯುತ್ತದೆ. ವ್ಯತ್ಯಾಸ ನೆತ್ತರಿನ ಜಾಡಿನಲ್ಲಿ. ಒಂದೇ ತೂತಾದರೆ, ಅದೂ ಮೇಲ್ಬದಿಯಲ್ಲಿದ್ದರೆ, ರಕ್ತ ಒಳಗೇ ತುಂಬಿಕೊಳ್ಳುತ್ತದೆ, ಸಂಜೆಯ ಮಂದ ಬೆಳಕಿನಲ್ಲಿ ಜಾಡು ತಪ್ಪುತ್ತದೆ. ಎರಡು ತೂತಿದ್ದರೆ, ಒಂದು ಕೆಳಗಿದ್ದರೆ, ಹಿಮದ ಮೇಲೆ ದಾರಿ ಕಾಣುತ್ತದೆ. ಗಾಯಗೊಂಡ ಪ್ರಾಣಿ ಸಿಗದೆ ಹೋಗುವುದಕ್ಕಿಂತ ಕೆಟ್ಟದ್ದು ಬೇಟೆಯಲ್ಲಿ ಬೇರೆ ಇಲ್ಲ. ನಾನು .54ರ ಪಕ್ಷ ವಹಿಸಲು ಮುಖ್ಯ ಕಾರಣ ಇದೇ.

ಖರ್ಚೂ ಇದೆ. ಒಂದು ಪೌಂಡ್ ಅಂದರೆ 7000 ಗ್ರೇನ್. ಒಂದು ಪೌಂಡ್ ಸೀಸಕ್ಕೆ .490 ಗುಂಡು 39 ಬಂದರೆ .530 ಗುಂಡು 31 ಮಾತ್ರ. ಒಂದು ಪೌಂಡ್ ಮದ್ದಿಗೆ 65 ಗ್ರೇನಿನಂತೆ 107 ಈಡು, 80 ಗ್ರೇನಿನಂತೆ 87. ನನ್ನಂತೆ ವರ್ಷಕ್ಕೆ ಇನ್ನೂರು ಈಡು ಹಾರಿಸುವವರಿಗೆ ಇದು ಹೊರೆಯಲ್ಲ. ಪ್ರತಿ ಶನಿವಾರ ಗುರಿ ಅಭ್ಯಾಸ ಮಾಡುವವರಿಗೆ ಲೆಕ್ಕ ಬೇರೆ. ಇನ್ನು .530 ಗುಂಡು ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ತರಿಸಬೇಕು ಇಲ್ಲವೆ ಎರಕ ಹೊಯ್ಯಬೇಕು. ಎರಕಕ್ಕೆ ಮೆತ್ತನೆಯ ಶುದ್ಧ ಸೀಸವೇ ಬೇಕು, ಉಗುರಿನಿಂದ ಗೀರಿದರೆ ಗೆರೆ ಬೀಳಬೇಕು. ಕಾರಿನ ಚಕ್ರದ ತೂಕದ ಬಿಲ್ಲೆಗಳ ಸೀಸ ಗಟ್ಟಿ, ಬಟ್ಟೆ ಅದನ್ನು ಕಚ್ಚುವುದಿಲ್ಲ. ಗುಂಡಿನ ಮೇಲೆ ಸುಕ್ಕು ಬಿದ್ದರೆ ಅಚ್ಚು ತಣ್ಣಗಿದೆ, ಬೂದು ಹಿಡಿದಂತೆ ಕಂಡರೆ ಅತಿಯಾಗಿ ಕಾದಿದೆ. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೂ ಅದು ಸಿಡಿಯುತ್ತದೆ. ಹೊರಗಡೆ ಗಾಳಿಯಲ್ಲೇ ಹೊಯ್ಯಿರಿ, ಮಕ್ಕಳನ್ನು ದೂರ ಇಡಿ, ಕೈ ತೊಳೆಯದೆ ಏನೂ ಬಾಯಿಗೆ ಹಾಕಬೇಡಿ.

ಚಕಮಕಿ ಕೋವಿಗೆ ಅಸಲಿ ಕರಿಮದ್ದೇ ಬೇಕು. ಬದಲಿ ಮದ್ದುಗಳು ಹೊತ್ತಿಕೊಳ್ಳಲು ಹೆಚ್ಚು ಶಾಖ ಕೇಳುತ್ತವೆ, ಕಲ್ಲಿನ ಕಿಡಿಗೆ ನಂಬಿಕೆಯಿಂದ ಹೊತ್ತುವುದಿಲ್ಲ. ರಂಜಕಕ್ಕೆ ತೀರ ನುಣ್ಣನೆಯ ಎಫ್‌ಎಫ್‌ಎಫ್‌ಎಫ್‌ಜಿ, ಬಟ್ಟಲಿನ ಅರ್ಧಕ್ಕಿಂತ ಕಡಿಮೆ, ಕಿವಿತೂತಿನ (ಬಟ್ಟಲಿನ ಬೆಂಕಿ ನಳಿಗೆಗೆ ಹೋಗುವ ತೂತು) ಕೆಳಗೇ ಉಳಿಯುವಷ್ಟು. ತೂತು ಮುಚ್ಚುವಂತೆ ತುಂಬಿದರೆ ಬೆಂಕಿ ಬತ್ತಿಯಂತೆ ನಿಧಾನವಾಗಿ ಒಳಗೆ ಹೋಗುತ್ತದೆ, ‘ಫಸ್’ ಎಂದು ಎಷ್ಟೋ ಹೊತ್ತಿಗೆ ‘ಢಂ’. ಈಡು ತುಂಬುವಾಗ ತೂತಿಗೆ ತೆಳು ತಂತಿ ಚುಚ್ಚಿಟ್ಟು ಆಮೇಲೆ ಎಳೆದರೆ ಮದ್ದಿನಲ್ಲಿ ಸಣ್ಣ ಹಾದಿ ಉಳಿಯುತ್ತದೆ, ಬೇಗ ಹಾರುತ್ತದೆ. ಹಿಮ ಬೀಳುವ ದಿನ ಅರ್ಧ ಗಂಟೆಗೊಮ್ಮೆ ರಂಜಕ ಬದಲಿಸಿ. ಕಲ್ಲು, ಅದು ಬಡಿಯುವ ಉಕ್ಕು ಫ್ರಿಜನ್ ಎರಡನ್ನೂ ಒಣ ಬಟ್ಟೆಯಿಂದ ಒರೆಸಿ, ಬೆರಳಿನ ಜಿಡ್ಡಿದ್ದರೂ ಕಿಡಿ ಸಾಯುತ್ತದೆ.

.45, .58 ಎರಡನ್ನೂ ಸಂಕ್ಷಿಪ್ತವಾಗಿ ಹೇಳುತ್ತೇನೆ. .45 ಗುರಿ ಅಭ್ಯಾಸಕ್ಕೆ ಚಂದ. ಜಿಂಕೆಗೆ 50 ಯಾರ್ಡ್ ಒಳಗೆ, ಪೂರ್ತಿ ಪಕ್ಕಕ್ಕೆ ನಿಂತಿದ್ದರೆ, ಎಲುಬು ತಾಗದಿದ್ದರೆ ಸಾಕು. ಅಷ್ಟು ‘ರೆ’ಗಳು ಕಾಡಿನಲ್ಲಿ ಒಟ್ಟಿಗೆ ಕೂಡಿಬರುವುದಿಲ್ಲ. .58 ವೈಟ್‌ಟೇಲ್‌ಗೆ ಬೇಕಾದ್ದಕ್ಕಿಂತ ಹೆಚ್ಚು, ಅದರ ಗುಂಡಿನ ಹಾದಿಯೂ ಹೆಚ್ಚು ಬಾಗುತ್ತದೆ.

ಐವತ್ತಕ್ಕೆ ನ್ಯಾಯ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. .54 ಬಂದ ಮೇಲೆ ಕಲಿತದ್ದನ್ನೆಲ್ಲ ಹಳೆಯ .50ಗೆ ಹಿಂದಿರುಗಿಸಿದಾಗ ಅದರ ನಡತೆಯೇ ಬದಲಾಯಿತು. .490 ಬಿಟ್ಟು .495 ಗುಂಡು, ಕೈಯಾರೆ ಒಗೆದ ದಪ್ಪ ಬಟ್ಟೆ, 65 ಗ್ರೇನಿನ ಮೇಲೆ ಹೋಗದ ಮದ್ದು, ಪ್ರತಿ ಈಡಿನ ನಡುವೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸುವುದು. ಅಷ್ಟಕ್ಕೇ ಮೂರು ಇಂಚಿನ ಗುಂಪು ಎರಡೂವರೆಗೆ ಇಳಿಯಿತು. 1:48 ಬಗ್ಗೆ ಮೇಲೆ ಬರೆದ ದೂರು ದೂರಾಗಿಯೇ ಉಳಿಯುತ್ತದೆ, ಹೆಚ್ಚು ಮದ್ದಿಗೆ ಅದು ಆಗುವುದಿಲ್ಲ. ಆದರೆ 60 ಯಾರ್ಡ್ ಒಳಗೆ ಅದರ ಕೈಲಾಗುವುದನ್ನೇ ಕೇಳಿದರೆ ಪ್ರಾಮಾಣಿಕವಾಗಿ ಮಾಡುತ್ತದೆ. ಒಂದೇ ಕೋವಿಯಲ್ಲಿ ಉಂಡೆಗುಂಡು, ಉದ್ದಗುಂಡು ಎರಡನ್ನೂ ಹಾರಿಸಬೇಕೆನ್ನುವವರು, ಗುಂಡು ತರಿಸಿಕೊಳ್ಳಲು ತಾಳ್ಮೆಯಿಲ್ಲದವರು, ಹಳೆಯದನ್ನು ಕಡಿಮೆಗೆ ಕೊಳ್ಳುವವರು .50 ತೆಗೆದುಕೊಳ್ಳಿ. ಅಕ್ಟೋಬರ್‌ನ ಕೊಂಬಿಲ್ಲದ ಜಿಂಕೆಯ ಸೀಸನ್ನಿಗೆ 209 ಪ್ರೈಮರಿನ ಇನ್‌ಲೈನ್ ಕೋವಿ (ಕಲ್ಲಿನ ಬದಲು ಪ್ರೈಮರಿನಿಂದ ಹೊತ್ತುವ ಹೊಸ ಬಗೆಯದು) ಹಿಡಿಯುವವರಿಗಂತೂ .50, 1:28 ಬಿಟ್ಟು ಬೇರೆ ಯೋಚನೆಯೇ ಬೇಡ. ಸೇಬೊ, ಮದ್ದಿನ ಗುಳಿಗೆ ಎಲ್ಲವೂ ಆ ಅಳತೆಗೇ ಹೆಚ್ಚು ಸಿಗುತ್ತವೆ.

ಇಷ್ಟು ವರ್ಷಗಳಲ್ಲಿ ಎರಡು ಕೋವಿಯಲ್ಲೂ ಬದಲಾಗದ ಖುಷಿ ಸಂಜೆಯ ತೊಳೆಯುವ ಕೆಲಸ. ಸುಟ್ಟ ಕರಿಮದ್ದಿನ ಮಸಿ ಗಾಳಿಯ ತೇವ ಹೀರಿ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಸುತ್ತದೆ, ಹಾಗಾಗಿ ನಾಳೆಗೆ ಎಂಬ ಮಾತಿಲ್ಲ. ಕಿವಿತೂತಿಗೆ ಹಲ್ಲುಕಡ್ಡಿ ಸಿಕ್ಕಿಸಿ, ಉಗುರುಬೆಚ್ಚನೆ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ನಳಿಗೆಗೆ ಸುರಿದು, ಹೆಬ್ಬೆರಳಿನಿಂದ ಬಾಯಿ ಮುಚ್ಚಿ ಅತ್ತಿತ್ತ ಆಡಿಸಿ ಚೆಲ್ಲಿದರೆ ಮೊದಲ ನೀರು ಶಾಯಿ, ಎರಡನೆಯದು ಕಾಫಿ ಡಿಕಾಕ್ಷನ್, ಮೂರನೆಯದು ತಿಳಿ. ಕುದಿಯುವ ನೀರು ಬೇಡ, ಒಣಗುವ ಮೊದಲೇ ಕೆಂಪು ತುಕ್ಕಿನ ಪೊರೆ ಏಳುತ್ತದೆ. ಒಣ ಬಟ್ಟೆ ನಾಲ್ಕೈದು, ಕೊನೆಗೆ ತೆಳುವಾಗಿ ಎಣ್ಣೆ, ಬಾಯಿ ಕೆಳಗೆ ಮಾಡಿ ಒರಗಿಸಿಡುವುದು. ಮಾರನೆಯ ಬೆಳಿಗ್ಗೆ ಬಿಳಿ ಬಟ್ಟೆಯೊಂದನ್ನು ಇಳಿಸಿ ತೆಗೆದರೆ ಕಂದು ಬಣ್ಣ ಬರಬಾರದು. ಬಂದರೆ ಮತ್ತೊಮ್ಮೆ ಎಣ್ಣೆ. ಸೀಸನ್ ಬೆಳಿಗ್ಗೆ ಈಡು ತುಂಬುವ ಮುನ್ನ ಆ ಎಣ್ಣೆಯನ್ನು ಸ್ಪಿರಿಟ್ ಹಾಕಿದ ಬಟ್ಟೆಯಿಂದ ಪೂರ್ತಿ ತೆಗೆದು, ಬಟ್ಟಲಿಗೆ ಮಾತ್ರ ರಂಜಕ ಹಾಕಿ ಒಮ್ಮೆ ಹೊತ್ತಿಸಿ ಕಿವಿತೂತು ಒಣಗಿಸಿಕೊಳ್ಳಿ. ಮೊದಲ ಈಡು ಹಾರದೆ ಹೋಗುವುದಕ್ಕೆ ನಾನು ಕಂಡ ಅತಿ ಸಾಮಾನ್ಯ ಕಾರಣ ಅಲ್ಲಿ ಉಳಿದ ಒಂದು ತೊಟ್ಟು ಎಣ್ಣೆ.