ಬ್ಯಾಂಡ್ ಓಕೆ, ಕ್ಯಾಲರಿ ಲೆಕ್ಕ ಮಾತ್ರ ನಂಬಬ್ಯಾಡ್ರಿ

ಬಳ್ಳಾರಿ ಬೆಂಗಳೂರು ರೋಡಲ್ಲಿ ಈ ಫಿಟ್‌ನೆಸ್ ಬ್ಯಾಂಡ್ ತಗೊಂಡೆ, ಅಪ್ಪಾಜಿಗೊಂದು ನಂಗೊಂದು. ಸ್ಟೆಪ್ಸ್ ಸರಿಯಾಗೇ ಎಣಿಸುತ್ತೆ, ಬ್ಯಾಟರಿ ಚೆನ್ನಾಗಿ ಬರುತ್ತೆ, ಪಟ್ಟಿ ಮಾತ್ರ ನಮ್ಮೂರ ಬಿಸ್ಲಿಗೆ ಬೆವೆತು ಕೈಯೆಲ್ಲ ಕೆರೆತ.

ಆದ್ರೆ ಕ್ಯಾಲರಿ ಐತಲ್ಲ, ಅದು ಉಲ್ಟಾ. ಇಬ್ಬರ ತೂಕಾನೂ ಹೆಚ್ಚುಕಮ್ಮಿ ಒಂದೇ, ಕೋಟೆ ಕಡೆ ಜೊತೆಗೇ ವಾಕಿಂಗ್ ಹೋಗ್ತೀವಿ, ಅಪ್ಪಾಜಿ ವಯಸ್ಸು 68 ಅಂತ ಹಾಕಿದ್ದಕ್ಕೆ ಅವ್ರಿಗೆ ಕಮ್ಮಿ ತೋರಿಸುತ್ತೆ. ನಿಜ ಏನಂದ್ರೆ 65 ದಾಟಿದೋರಿಗೆ ಅದೇ ಸ್ಪೀಡಲ್ಲಿ ನಡೆಯೋಕೆ ಹುಡುಗ್ರಿಗಿಂತ ಸುಮಾರು 15-20% ಜಾಸ್ತಿ ಶಕ್ತಿ ಬೇಕು, ಮೀನಖಂಡ ಪಾದಾನ ಹಿಂದಕ್ಕೆ ಒತ್ತೋ ಜೋರು ಕಮ್ಮಿಯಾಗಿ ಸೊಂಟದ ಸ್ನಾಯು ಜಾಸ್ತಿ ದುಡಿಯುತ್ತೆ, ಮೇಲೆ ಬ್ಯಾಲೆನ್ಸಿಗೆ ಅಂತ ಕಾಲಿನ ಹಿಂದೆ ಮುಂದಿನ ಸ್ನಾಯು ಎರಡೂ ಒಟ್ಟಿಗೆ ಬಿಗಿ ಹಿಡೀತಾವೆ, ಒಂದು ಕಾಲಲ್ಲಿ ಆಕ್ಸಿಲರೇಟರ್ ಇನ್ನೊಂದರಲ್ಲಿ ಬ್ರೇಕ್ ಒತ್ತಿದಂಗೆ. ಸಣ್ಣ ಮಕ್ಕಳಿಗೂ ಕೆಜಿ ಲೆಕ್ಕದಲ್ಲಿ ದೊಡ್ಡೋರಿಗಿಂತ ಜಾಸ್ತೀನೇ.

ಓಡೋ ಅಭ್ಯಾಸ ಇರೋರದ್ದು ಬೇರೆ. 2014ರಲ್ಲಿ ಅಮೆರಿಕದ ಕೊಲರಾಡೋ ಕಡೆಯೋರು 65 ದಾಟಿದೋರನ್ನ ಟೆಸ್ಟ್ ಮಾಡಿದ್ರು, ವಾರಕ್ಕೆ ಮೂರು ಸಲ ಅರ್ಧ ಗಂಟೆ ಓಡೋರಿಗೆ ನಡಿಗೆ ಖರ್ಚು ಹುಡುಗರಷ್ಟೇ, ಬರೀ ವಾಕಿಂಗ್ ಮಾಡೋರಿಗೆ ಜಾಸ್ತಿ. ಇದನ್ನ ಅಪ್ಪಾಜಿಗೆ ಹೇಳಿದ್ರೆ ಮಂಡಿ ತೋರಿಸಿ ನಕ್ಕರು!

ಸ್ಟೆಪ್ಸ್ ನೋಡೋಕೆ ಸಾಕು ಅನ್ನೋರು ತಗೊಳ್ರಿ. ತೋರಿಸಿದ ಕ್ಯಾಲರಿ ನೋಡಿ ವಯಸ್ಸಾದೋರ ಊಟ ಕಮ್ಮಿ ಮಾಡಿಸಬ್ಯಾಡ್ರಿ. 5ಕ್ಕೆ 3.